ಖಾಲಿ ಬಿಟ್ಟ ಎಡಭಾಗ: ಮಕ್ಕಳ ಹೃದಯ ಆಲಿಸಿದ ಹನ್ನೊಂದು ವರ್ಷ

2 ನವೆಂಬರ್ 2025, ಭಾನುವಾರ. ಬೆಳಿಗ್ಗೆ 6.10. ಕೂಡ್ಲಿಗಿ.

ಬರೆಯಲು ಕೂತಿದ್ದೇನೆ. ಮೇಜಿನ ಮೇಲೆ ಹನ್ನೆರಡು ದಿನಚರಿಗಳಿವೆ. 2014ರ ಫೆಬ್ರುವರಿ 3ರಂದು ಮಕ್ಕಳ ಆರೋಗ್ಯ ತಪಾಸಣೆಯ ಸಂಚಾರಿ ತಂಡಕ್ಕೆ ಗುತ್ತಿಗೆ ನರ್ಸಾಗಿ ಸೇರಿದೆ. ಈ ವರ್ಷದ ಮಾರ್ಚ್ 31ಕ್ಕೆ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ನನಗೀಗ ಮೂವತ್ತಾರು ವರ್ಷ. ಈ ವಯಸ್ಸಿಗೆ ನಿವೃತ್ತಿಯ ಅನುಭವ ಬರೆಯುವವರುಂಟೇ ಎಂದು ನಕ್ಕವರಿದ್ದಾರೆ. ಕೆಲಸದಿಂದ ಬಿಡಿಸಿ ಕಳಿಸಿದ ಮೇಲೆ ಅದು ನಿವೃತ್ತಿಯೇ. ಅರವತ್ತು ತುಂಬುವವರೆಗೆ ಕಾದು, ಅರ್ಧ ಮರೆತು ಬರೆಯುವುದಕ್ಕಿಂತ ದಿನಚರಿಯ ಶಾಯಿ ಮಾಸುವ ಮೊದಲೇ ಬರೆಯುವುದು ಒಳ್ಳೆಯದು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ತರಬೇತಿ ಕೊಡುತ್ತಾರೆ, ನಮೂನೆ ಕೊಡುತ್ತಾರೆ, ಸ್ಟೆತಸ್ಕೋಪ್ ಕೊಡುತ್ತಾರೆ. ನಮೂನೆಯಲ್ಲಿ ಇಲ್ಲದ್ದನ್ನು ಯಾರೂ ಹೇಳಿಕೊಡುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಒಂದಲ್ಲ ಒಂದು ವರ್ಷ ಕೆಲಸ ಮಾಡಿದ್ದೇನೆ. ತಂಡದಲ್ಲಿ ಒಬ್ಬ ವೈದ್ಯರು, ನಾನು, ಜೀಪು, ಜೀಪಿಗೆ ಖಾಜಾಸಾಬ್. ಖಾಜಾಸಾಬ್ ಹಗರಿಬೊಮ್ಮನಹಳ್ಳಿಯವರು. ಅವರ ಮನೆತನದಲ್ಲಿ ಎಲ್ಲರೂ ಮೆಕ್ಯಾನಿಕ್‌ಗಳು. ಒಂದು ದಿನಕ್ಕೆ ಎರಡು ಅಂಗನವಾಡಿ, ಇಲ್ಲವೇ ಒಂದು ಶಾಲೆ. ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು, ಕೊನೆಗೆ ಎದೆ. ಅನುಮಾನ ಬಂದ ಮಕ್ಕಳನ್ನು ಜಿಲ್ಲಾ ಆಸ್ಪತ್ರೆಗೆ ಬರೆದು ಕಳಿಸುವುದು. ಹನ್ನೊಂದು ವರ್ಷದಲ್ಲಿ ನಾನು ಎದೆಯ ಸದ್ದು ಸರಿಯಿಲ್ಲವೆಂದು ಗುರುತು ಹಾಕಿದ ಮಕ್ಕಳು 61. ಸ್ಕ್ಯಾನಿನಲ್ಲಿ ಹುಟ್ಟಿನಿಂದ ಬಂದ ದೋಷ ಇದೆಯೆಂದು ಖಚಿತವಾದದ್ದು 44. ಉಳಿದ 17 ನನ್ನ ತಪ್ಪುಗಳು. ಅವುಗಳಲ್ಲಿ ಎಂಟು ಒಂದೇ ದಿನದವು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2014ರ ಜುಲೈ 22, ಹಡಗಲಿಯ ಒಂದು ಶಾಲೆ. ಮಧ್ಯಾಹ್ನದ ಮೊದಲ ಅವಧಿ. ವೈದ್ಯರಿಗೆ ಸಭೆ ಇತ್ತು, ನಾನೊಬ್ಬಳೇ ಹೋಗಿದ್ದೆ. ಒಂದರ ಹಿಂದೆ ಒಂದು ಎದೆ ಸುಂಯ್ ಎನ್ನುತ್ತಿತ್ತು. ಒಂಬತ್ತು ಮಕ್ಕಳ ಹೆಸರು ಬರೆದು, ಒಂಬತ್ತು ಮನೆಗಳಲ್ಲಿ ಅಳು ಎಬ್ಬಿಸಿ, ಎಲ್ಲರನ್ನೂ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಎಂಟು ಮಕ್ಕಳ ಹೃದಯ ನೆಟ್ಟಗಿತ್ತು. ಅವರು ಕಬಡ್ಡಿ ಆಡಿ ನೇರ ನನ್ನ ಮುಂದೆ ಬಂದು ಕೂತಿದ್ದರು. ಓಡಿ ಬಂದ ಮಕ್ಕಳಲ್ಲಿ, ಜ್ವರ ಬಂದ ಮಕ್ಕಳಲ್ಲಿ, ರಕ್ತ ಕಡಿಮೆ ಇರುವ ಮಕ್ಕಳಲ್ಲಿ ರಕ್ತ ರಭಸದಿಂದ ಹರಿಯುವ ಸದ್ದು ಕೇಳುತ್ತದೆ, ಅದಕ್ಕೆ ಹೆದರಬೇಕಿಲ್ಲ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕಿವಿಯಲ್ಲಿ ಗೊತ್ತಿರಲಿಲ್ಲ.

ಒಂದು ವಾರದ ಮೇಲೆ ಖಾಜಾಸಾಬ್ ಗೇರು ಬದಲಿಸುತ್ತಾ ಹೇಳಿದರು: “ಸಿಸ್ಟರ್, ಘಾಟಿ ಹತ್ತಿ ಬಂದ ಗಾಡಿ ಬಿಸಿ ಇರತೈತ್ರಿ. ಬಾನೆಟ್ ಬಿಸಿ ಐತಿ ಅಂತ ಯಾರರ ಇಂಜಿನ್ ಇಳಸ್ತಾರೇನು?”

ಅಂದಿನಿಂದ ಮಗುವನ್ನು ಹತ್ತು ನಿಮಿಷ ಕೂರಿಸಿ ಕೇಳುತ್ತೇನೆ, ಮಲಗಿಸಿ ಇನ್ನೊಮ್ಮೆ ಕೇಳುತ್ತೇನೆ. ಎರಡೂ ಸಲದ ಗಂಟೆ ಬರೆಯುತ್ತೇನೆ. ನೀವೂ ಬರೆಯಿರಿ. ಸಾಲು ಮುಂದೆ ಹೋಗಲಿ ಎಂದು ಮೇಷ್ಟ್ರು ಅವಸರ ಮಾಡಿದರೆ ಅವರನ್ನೂ ಹತ್ತು ನಿಮಿಷ ಕೂರಿಸಿ.

ಎರಡನೆಯದು ಉಜ್ಜಿನಿಯದು, 2017ರ ಆಗಸ್ಟ್ 9. ಎಂಟು ತಿಂಗಳ ಹೆಣ್ಣುಮಗು. ಕಣ್ಣುಗಳು ಮೇಲಕ್ಕೆ ಓರೆ, ಅಂಗೈಯಲ್ಲಿ ಒಂದೇ ಅಡ್ಡಗೆರೆ, ಎದೆಯಲ್ಲಿ ಗಟ್ಟಿ ಸದ್ದು. ಅಜ್ಜಿ ಹೇಳಿದ್ದು, ಸೊಸೆ ಗ್ರಹಣದ ದಿನ ಹೊರಗೆ ಬಂದಿದ್ದಳು, ಅದಕ್ಕೇ ಹೀಗಾಯಿತು ಎಂದು. ವೈದ್ಯರು ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗದೆ ಚೀಟಿ ಬರೆದರು. ನಾನು ತಾಯಿಯನ್ನು ಬದಿಗೆ ಕರೆದು ಹೇಳಿದೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ನಲವತ್ತಾರು ಕ್ರೋಮೋಸೋಮುಗಳಿರುತ್ತವೆ, ಮೈ ಹೇಗೆ ಕಟ್ಟಬೇಕೆಂಬ ಬರಹವೆಲ್ಲ ಅವುಗಳಲ್ಲಿರುತ್ತದೆ. ನಿನ್ನ ಮಗುವಿಗೆ ಒಂದು ಹೆಚ್ಚು ಬಂದಿರಬಹುದು, ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಅಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳ ಹೃದಯದ ಗೋಡೆ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅವಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ನನ್ನಿಂದ ಬಂತೇನ್ರಿ?”

ಆ ದಿನದಿಂದ ಈ ಪ್ರಶ್ನೆಗೊಂದು ಪುಟ ತೆಗೆದೆ. ಯಾರು ಕೇಳಿದರೂ ಒಂದು ಗೆರೆ. ಅಂದಿನಿಂದ ಮಾರ್ಚ್‌ವರೆಗೆ ದೋಷ ಖಚಿತವಾದ ಮಕ್ಕಳು 33. ಈ ಪ್ರಶ್ನೆ ಕೇಳಿದ ತಾಯಂದಿರು 31. ಕೇಳಿದ ತಂದೆಯರು 2. ಈ ಎರಡು ಅಂಕಿಗಳನ್ನು ನಾನು ಯಾವ ಮಾಸಿಕ ವರದಿಯಲ್ಲೂ ತುಂಬಿಸಲಾಗಲಿಲ್ಲ. ಇಲ್ಲಿ ತುಂಬಿಸುತ್ತಿದ್ದೇನೆ.

2019ರಲ್ಲಿ ಕೆಲಸದ ರೀತಿ ಬದಲಾಯಿತು. ಅದುವರೆಗೆ ನಮ್ಮ ನಮೂನೆಯಲ್ಲಿ ‘ರಕ್ತಸಂಬಂಧದ ಮದುವೆ: ಹೌದು / ಇಲ್ಲ’ ಎಂಬ ಒಂದೇ ಸಾಲು ಇತ್ತು. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವ ನಮ್ಮ ಸೀಮೆಗೆ ಆ ಪ್ರಶ್ನೆ ಬೇಕು. ಒಂದೇ ಮನೆತನದಲ್ಲಿ ಅಡಗಿರುವ ದೋಷದ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಸೇರುವುದು ಅಂಥ ಮದುವೆಗಳಲ್ಲಿ ಸುಲಭ. ಆದರೆ ‘ಇಲ್ಲ’ಕ್ಕೆ ಗುರುತು ಹಾಕಿದ ಕೂಡಲೇ ನಾವು ವಂಶದ ವಿಚಾರವನ್ನೇ ಮುಚ್ಚಿಬಿಡುತ್ತಿದ್ದೆವು. ಆ ವರ್ಷ ತರಬೇತಿಗೆ ಬಂದ ಅನುವಂಶೀಯ ರೋಗಗಳ ತಜ್ಞೆಯೊಬ್ಬರು ನಮಗೆ ವಂಶವೃಕ್ಷ ಬರೆಯಲು ಕಲಿಸಿದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತಂದೆಯ ಕಡೆ ಹಾಳೆಯ ಎಡಕ್ಕೆ, ತಾಯಿಯ ಕಡೆ ಬಲಕ್ಕೆ. ದೋಷ ಇದ್ದವರಿಗೆ ಕಪ್ಪು ತುಂಬುವುದು, ತೀರಿಕೊಂಡವರಿಗೆ ಓರೆಗೆರೆ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಒಂದು ಕಾರಣ ಎಂದು ಬೆರಳಿಟ್ಟು ತೋರಿಸಲು ಇವತ್ತಿಗೂ ಆಗುವುದಿಲ್ಲ, ಆದರೆ ತೋರಿಸಬಹುದಾದಲ್ಲಿ ತೋರಿಸದೆ ಬಿಡುವುದು ಅಪರಾಧ ಎಂದರು ಅವರು. ನಾನು ಮನೆಗೆ ಬಂದು ಮೊದಲು ನಮ್ಮ ಮನೆಯದನ್ನೇ ಬರೆದು ರೂಢಿ ಮಾಡಿಕೊಂಡೆ.

ಆ ರೂಢಿಯನ್ನು ನಂಬಿಯೇ ನಾನು ಕೆಟ್ಟದ್ದು. ಮುಂದೆ ಬರುವ ಜನರ ಹೆಸರುಗಳನ್ನು ಬದಲಿಸಿದ್ದೇನೆ.

2022ರ ಜೂನ್ 14. ಚಿಗಟೇರಿ ಹತ್ತಿರದ ಒಂದು ಹಳ್ಳಿಯ ಅಂಗನವಾಡಿ. ಬೆಳಿಗ್ಗೆ 11.20ಕ್ಕೆ ನೇತ್ರಾ ಎಂಬ ಇಪ್ಪತ್ತೆರಡರ ಹೆಣ್ಣುಮಗಳು ಒಂದು ವರ್ಷ ಎರಡು ತಿಂಗಳ ಗಂಡುಮಗುವನ್ನು ತಂದಳು. ತೂಕ ಆರು ಕಿಲೋ ನಾನೂರು ಗ್ರಾಂ. ಹಾಲು ಕುಡಿಯುವಾಗ ಹಣೆ ಬೆವರುತ್ತದೆ ಎಂದಳು. ಎದೆಗೆ ಕೈಯಿಟ್ಟರೇ ಸದ್ದು ಅಂಗೈಗೆ ತಾಗುತ್ತಿತ್ತು. ಸ್ಕ್ಯಾನಿನಲ್ಲಿ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ ಕಂಡಿತು.

ಜೂನ್ 28ಕ್ಕೆ ಮತ್ತೆ ಹೋಗಿ ವಂಶವೃಕ್ಷ ಬರೆದೆ. ನೇತ್ರಾಳ ತವರು ಹಡಗಲಿ ತಾಲ್ಲೂಕು, ಗಂಡನ ಮನೆಗೂ ತವರಿಗೂ ಹಳೆಯ ನಂಟಿಲ್ಲ. ಅವಳು ತನ್ನ ಕಡೆಯದನ್ನು ಅಜ್ಜಿಯ ತಂಗಿಯವರೆಗೆ ಹೇಳಿದಳು. ಅಕ್ಕನ ಮಗುವೊಂದು ಮೂರು ತಿಂಗಳಿಗೆ ಉಸಿರು ಕಟ್ಟಿ ತೀರಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಹೃದಯದ್ದೇ ಇರಬೇಕೆಂದು ಆ ಚೌಕಕ್ಕೆ ಕಪ್ಪು ತುಂಬಿದೆ. ಗಂಡನ ಕಡೆ ಕೇಳುವಾಗ ಅತ್ತೆ ಹಾಲಮ್ಮ ಬಾಗಿಲಲ್ಲಿ ನಿಂತೇ, “ನಮ್ಮ ಕಡಿ ಏನೂ ಇಲ್ಲ, ಹಂಗಂತ ಬರ್ಕೊಳ್ರಿ” ಅಂದರು. ಹಾಗಂತ ಬರೆದುಕೊಂಡೆ. ಎಡಭಾಗದಲ್ಲಿ ಮಾವ ಕೆಂಚಪ್ಪ, ಅತ್ತೆ, ಗಂಡ ಮಂಜುನಾಥ, ಮೂರೇ ಗುರುತು, ಮೂರೂ ಖಾಲಿ. ಆಸ್ಪತ್ರೆಗೆ ಒಯ್ಯಲಿ ಎಂದು ಒಂದು ಪ್ರತಿಗೆ ಮೊಹರು ಹಾಕಿ ಅವರ ಕೈಗೆ ಕೊಟ್ಟೆ.

ಆಗಸ್ಟ್ 30ಕ್ಕೆ ಅಂಗನವಾಡಿ ಟೀಚರ್ ಫೋನ್ ಮಾಡಿದರು. ಊರ ಹಿರಿಯರು ಕೂತಿದ್ದರಂತೆ. ನನ್ನ ಹಾಳೆಯನ್ನು ಓದಿದರಂತೆ. ಕಪ್ಪು ತುಂಬಿದ್ದು ಹೆಣ್ಣಿನ ಕಡೆ, ಗಂಡಿನ ಕಡೆ ಶುದ್ಧ, ಸರ್ಕಾರದ ಮೊಹರೇ ಇದೆ, ಹೊರಗಿನ ಹೆಣ್ಣು ತಂದದ್ದಕ್ಕೇ ಹೀಗಾಯಿತು ಎಂದು ತೀರ್ಮಾನವಾಯಿತಂತೆ. ನೇತ್ರಾಳನ್ನು ಮಗುವಿನ ಸಮೇತ ತವರಿಗೆ ಕಳಿಸಿ ಹನ್ನೆರಡು ದಿನವಾಗಿತ್ತು. ದೀಪಾವಳಿಯೊಳಗೆ ಮಂಜುನಾಥನಿಗೆ ಸಂಬಂಧದಲ್ಲೇ ಬೇರೆ ಹೆಣ್ಣು ತರುವ ಮಾತು ನಡೆದಿತ್ತು. ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೇ ನಿಂತಿತ್ತು.

ನಾನು ತಾಲ್ಲೂಕಿನ ಮೇಲಧಿಕಾರಿಗೆ ಹೇಳಿದೆ, ನನ್ನ ಹಾಳೆ ಅರ್ಧ, ಅದನ್ನು ಪೂರ್ತಿ ಮಾಡಬೇಕು, ಎರಡು ದಿನ ಜೀಪು ಕೊಡಿ ಎಂದು. ಕೇಸು ಕಳಿಸಿಯಾಗಿದೆ, ನಿಮ್ಮ ಕೆಲಸ ಮುಗಿದಿದೆ, ಮನೆ ಜಗಳ ಬಿಡಿಸುವುದು ನಮ್ಮ ಇಲಾಖೆಯ ಕೆಲಸವಲ್ಲ ಅಂದರು. ಜಗಳ ಹಚ್ಚಿದ್ದೇ ನಮ್ಮ ಕಾಗದ ಸರ್ ಅಂದೆ. ಮರುದಿನ, ಅನುಮತಿಯಿಲ್ಲದೆ ಮನೆಭೇಟಿ ಮಾಡಿದರೆ ಕ್ರಮ ಎಂದು ಲಿಖಿತ ಸೂಚನೆ ಬಂತು. ಅದನ್ನು ದಿನಚರಿಗೆ ಅಂಟಿಸಿದ್ದೇನೆ. ಭಾನುವಾರ ನನ್ನದು ಎಂಬುದನ್ನು ಸೂಚನೆ ಎಲ್ಲೂ ಅಲ್ಲಗಳೆದಿರಲಿಲ್ಲ.

ಸೆಪ್ಟೆಂಬರ್ 4, ಭಾನುವಾರ. ಮೊದಲ ಬಸ್ಸಿಗೆ ಹೊರಟು 8.15ಕ್ಕೆ ನೇತ್ರಾಳ ತವರು ತಲುಪಿದೆ. ಮೊಗ್ಗು ಬಿಡಿಸಿ ತೋಟದಿಂದ ಬಂದಿದ್ದಳು, ಉಡಿಯಲ್ಲಿ ಇನ್ನೂ ಮಲ್ಲಿಗೆ ಇತ್ತು. ಕೂರಲು ಹೇಳಲಿಲ್ಲ.

“ನಿಮ್ಮ ಕಾಗದ ನನ್ನ ಹೊರಗ ಹಾಕೈತ್ರಿ ಸಿಸ್ಟರ್,” ಅಂದಳು. “ನಾ ಸುಳ್ಳು ಹೇಳಲಿಲ್ಲ, ಅದಕ್ಕ ಸಿಕ್ಕಿಬಿದ್ದೆ. ನೀವೇ ಬರದೀರಿ. ನೀವೇ ತಿದ್ರಿ.”

ತಿದ್ದುತ್ತೇನೆ ಅಂದೆ. ಮೊದಲು ಅಕ್ಕನ ಮಗುವಿನ ಕಾಗದ ಕೇಳಿದೆ. ಪೆಟ್ಟಿಗೆ ತೆಗೆದು ಆಸ್ಪತ್ರೆಯ ಚೀಟಿ ಕೊಟ್ಟಳು. ನ್ಯುಮೋನಿಯಾ. ಎದೆಯ ಸ್ಕ್ಯಾನೂ ಆಗಿತ್ತು, ಹೃದಯ ಸರಿಯಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಕಪ್ಪು ತುಂಬುವ ಮೊದಲು ಒಂದು ಚೀಟಿ ಕೇಳದೆ ಹೋದೆ ನಾನು. ಅವಳ ಮುಂದೆಯೇ ಆ ಚೌಕವನ್ನು ಹೊಡೆದುಹಾಕಿ ಸಹಿ, ತಾರೀಖು, ಗಂಟೆ ಹಾಕಿದೆ. 8.50.

ಮಗು ನನ್ನ ಪೆನ್ನಿಗೆ ಕೈ ಹಾಕಿತು. ಹಿಡಿದದ್ದು ಹೆಬ್ಬೆರಳಿನಿಂದಲ್ಲ, ತೋರುಬೆರಳು ಮತ್ತು ನಡುಬೆರಳಿನ ಸಂದಿಯಿಂದ. ಅಂಗೈ ಬಿಡಿಸಿ ನೋಡಿದೆ. ಎರಡೂ ಕೈಯ ಹೆಬ್ಬೆರಳಿಗೆ ಎರಡರ ಬದಲು ಮೂರು ಗೆಣ್ಣು, ಉಳಿದ ನಾಲ್ಕು ಬೆರಳುಗಳ ಸಾಲಿನಲ್ಲೇ ಐದನೆಯದಾಗಿ ನೆಟ್ಟಗೆ ನಿಂತಿತ್ತು. ಜೂನ್‌ನಲ್ಲೂ ನಾನು ಇದನ್ನು ಕಂಡಿದ್ದೆ. ಹೃದಯದ ನಮೂನೆಯಲ್ಲಿ ಕೈಗೆ ಜಾಗವಿರಲಿಲ್ಲ, ಬರೆಯದೆ ಬಿಟ್ಟಿದ್ದೆ.

ಇದು ಯಾರ ಕೈ ಎಂದು ಕೇಳಿದೆ. ನೇತ್ರಾ ಮೊದಲ ಸಲ ನಕ್ಕಳು. ಆ ಮನೆಯಲ್ಲಿ ಕೂಸು ಹುಟ್ಟಿದಾಗ ಹೆಣ್ಣೋ ಗಂಡೋ ಎಂದು ನೋಡುವ ಮೊದಲು ಹೆಬ್ಬೆರಳು ನೋಡುತ್ತಾರಂತೆ. ಐದು ಬೆರಳು ಸಾಲಾಗಿದ್ದರೆ ಅದು ಅವರ ವಂಶದ ಗುರುತು. ಹಿಟ್ಟಿನ ಗಿರಣಿ ನಡೆಸುವ ಮನೆ, ಆ ಕೈಯಿಂದ ಜೋಳ ಅಳೆದರೆ ಕಡಿಮೆ ಬೀಳುವುದಿಲ್ಲ ಎಂದು ಊರಲ್ಲಿ ಮಾತಿದೆ. ಮಾವನದೂ ಅದೇ ಕೈ. ಮಗು ಹುಟ್ಟಿದ ದಿನ ಹಾಲಮ್ಮ ಆ ಬೆರಳು ನೋಡಿ ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಗಂಡನ ಹೆಬ್ಬೆರಳು ಹಾಗಿಲ್ಲ, ಬರೀ ಸಪೂರ, ಸ್ವಲ್ಪ ಗಿಡ್ಡ.

ನೇತ್ರಾಳ ಒಪ್ಪಿಗೆ ಪಡೆದು ಮಗುವಿನ ಕೈಯ ಫೋಟೋ ಮತ್ತು ಸ್ಕ್ಯಾನಿನ ವರದಿಯನ್ನು ಆ ತಜ್ಞೆಗೆ ಕಳಿಸಿದೆ. ಮಧ್ಯಾಹ್ನ ಅವರೇ ಫೋನ್ ಮಾಡಿದರು. ಗರ್ಭದಲ್ಲಿ ಕೂಸಿನ ಕೈಯೂ ಹೃದಯವೂ ಹೆಚ್ಚುಕಡಿಮೆ ಒಂದೇ ವಾರಗಳಲ್ಲಿ ಆಕಾರ ಪಡೆಯುತ್ತವೆ. ಎರಡಕ್ಕೂ ಅಪ್ಪಣೆ ಕೊಡುವ ಒಂದು ಜೀನ್ ಇದೆ. ಅದರಲ್ಲಿ ಬದಲಾವಣೆ ಆದ ಮನೆತನಗಳಲ್ಲಿ ಹೆಬ್ಬೆರಳು ಮತ್ತು ಹೃದಯ ಎರಡೂ ವ್ಯತ್ಯಾಸವಾಗುತ್ತವೆ. ಒಬ್ಬರಿಗೆ ಹೃದಯದಲ್ಲಿ ರಂಧ್ರ, ಇನ್ನೊಬ್ಬರಿಗೆ ಬರೀ ಬಡಿತ ನಿಧಾನ, ಮತ್ತೊಬ್ಬರಿಗೆ ಬೆರಳು ಬಿಟ್ಟರೆ ಏನೂ ಇಲ್ಲ. ಇದಕ್ಕೆ ರಕ್ತಸಂಬಂಧದ ಮದುವೆ ಬೇಕಿಲ್ಲ. ತಂದೆತಾಯಿಯಲ್ಲಿ ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಬರುವುದು ಬಾರದಿರುವುದು ಸರಿಸಮ. “ಕೈ ನೋಡು, ಸುಜಾತಾ. ಆ ಕೈ ಇದ್ದವರೆಲ್ಲರ ಎದೆ ನೋಡು,” ಅಂದರು.

ಸಂಬಂಧದಲ್ಲೇ ಬೇರೆ ಹೆಣ್ಣು ತಂದರೂ ಅದೇ ಕೈ, ಅದೇ ಎದೆ ಬರಬಹುದಿತ್ತು. ಅಷ್ಟರೊಳಗೆ ನೇತ್ರಾ ಹೋಗಿರುತ್ತಿದ್ದಳು, ಮಗು ಉಳಿದಿರುತ್ತಿತ್ತೋ ಇಲ್ಲವೋ.

ಸೆಪ್ಟೆಂಬರ್ 18, ಭಾನುವಾರ, 10.40. ಗಿರಣಿಯ ಹಿಂದಿನ ಮನೆ. ಖಾಜಾಸಾಬ್ ತಮ್ಮ ಸ್ವಂತ ಬೈಕಿನಲ್ಲಿ ಬಿಟ್ಟು, ಗಿರಣಿಯ ಬೆಲ್ಟ್ ಸದ್ದು ಸರಿಯಿಲ್ಲವೆಂದು ನೆಪ ಹೇಳಿ ಅಲ್ಲೇ ಉಳಿದರು. ಕೆಂಚಪ್ಪನವರು ಒಂದು ಬದಿಗೆ ಕೂತರು. ಹಾಲಮ್ಮ ಮಾತಾಡಿದರು.

“ನಮ್ಮ ವಂಶ ಕೇಳಾಕ ಬಂದೀಯಲ್ಲ ತಾಯಿ, ನೀ ಯಾರ ಪೈಕಿ? ಅದನ್ನರ ಹೇಳು ಮದ್ಲು.”

ಈ ಪ್ರಶ್ನೆ ನನಗೆ ಹೊಸದಲ್ಲ. ಹನ್ನೊಂದು ವರ್ಷದಲ್ಲಿ 140ಕ್ಕೂ ಹೆಚ್ಚು ಸಲ ಬರೆದಿಟ್ಟಿದ್ದೇನೆ. ನಮ್ಮದು ಕೂಡ್ಲಿಗಿಯ ಹಳೆಯ ಮನೆ, ಅಜ್ಜ ಚರ್ಮದ ಕೆಲಸ ಮಾಡುತ್ತಿದ್ದರು, ಅಪ್ಪ ಬುದ್ಧನ ಫೋಟೋ ತಂದು ಗೋಡೆಗೆ ಹಾಕಿದರು, ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ಸಾಮಾನ್ಯವಾಗಿ ಇದನ್ನು ಹೇಳಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ನೀರಿನ ಲೋಟ ಬದಲಾಗುತ್ತದೆ. ಅವತ್ತು ಹೇಳಿದ್ದಷ್ಟೇ ಅಲ್ಲ, ದಿನಚರಿ ತೆರೆದು ನಮ್ಮ ಮನೆಯ ವಂಶವೃಕ್ಷವನ್ನು ಅವರ ಮುಂದೆ ಇಟ್ಟೆ.

“ಕೇಳಿದ್ರಲ್ಲ, ನೋಡ್ರಿ. ಇದು ನಮ್ಮವ್ವ. ಇದು ನಾನು. ಇವೆರಡು ನನ್ನ ಹಿಂದ ಹುಟ್ಟಿ ಹೋದುವು. ಒಂದು ಆರು ದಿನ ಇತ್ತು, ಒಂದು ಒಂದೇ ದಿನ. ಹೆಸರಿಟ್ಟಿರಲಿಲ್ಲ. ಆದರೂ ಬರದೀನಿ.”

ಹಾಲಮ್ಮ ಓದಲು ಬಾರದವರು. ಆ ಎರಡು ಸಣ್ಣ ಗುರುತುಗಳ ಮೇಲಿನ ಓರೆಗೆರೆಗಳನ್ನು ಬೆರಳಿನಿಂದ ಮುಟ್ಟಿದರು.

“ಹೆಸರಿಡದ ಕೂಸನ್ನೂ ಬರೀತಾರೇನು?”

“ಹುಟ್ಟಿದ್ದನ್ನೆಲ್ಲ ಬರೀತಾರ್ರಿ.”

ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, “ಹಂಗಾರ ನಂದು ಮೂರು ಬರಿ,” ಅಂದರು. “ಮಂಜ ಒಬ್ಬನೇ ಅಲ್ಲ.”

ನಮ್ಮ ಸೀಮೆಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿದರೆ ತೊಟ್ಟಿಲಿಗೆ ಹಾಕಿ ಹೆಸರು ಕೂಗಿದ ಮಕ್ಕಳನ್ನಷ್ಟೇ ಎಣಿಸಿ ಹೇಳುತ್ತಾರೆ. ಅದಕ್ಕೂ ಮೊದಲು ಹೋದದ್ದು ಲೆಕ್ಕದಲ್ಲಿಲ್ಲ. ಬಾಣಂತನ ತವರಲ್ಲಿ ಆಗುವುದರಿಂದ ಗಂಡನ ಮನೆಯವರಿಗೆ ಎಷ್ಟೋ ಸಲ ಆ ಮುಖವೂ ಗೊತ್ತಿರುವುದಿಲ್ಲ. ಹಾಲಮ್ಮ ಜೂನ್‌ನಲ್ಲಿ ಸುಳ್ಳು ಹೇಳಿರಲಿಲ್ಲ. ನಾನು ತಪ್ಪು ಪ್ರಶ್ನೆ ಕೇಳಿದ್ದೆ. ನೀವು ಯಾರೂ ಎಷ್ಟು ಮಕ್ಕಳು ಎಂದು ಕೇಳಬೇಡಿ. ಎಷ್ಟು ಸಲ ಬಸುರಾಗಿದ್ದಿರಿ, ಒಂದೊಂದರದೂ ಏನಾಯಿತು ಎಂದು ಕೇಳಿ. ಬಾಗಿಲಲ್ಲಿ ನಿಂತವರನ್ನು ಕೇಳಬೇಡಿ, ಜೊತೆಗೆ ಕೂತು ಕೇಳಿ.

ಮಂಜುನಾಥನಿಗಿಂತ ಮೊದಲು ಎರಡು. ಎರಡೂ ಹಾಲು ಕುಡಿಯುವಾಗ ಬೆವರುತ್ತಿದ್ದವು, ತುಟಿ ನೀಲಿಯಾಗುತ್ತಿತ್ತು. ಎರಡಕ್ಕೂ ಐದು ಬೆರಳು ಸಾಲಾಗಿದ್ದವು. ಕೆಂಚಪ್ಪನವರ ತಂಗಿ ಕೊಟ್ಟೂರಿನಲ್ಲಿದ್ದಾರೆ, ಅದೇ ಕೈ, ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಬರೆಯುತ್ತಾ ಹೋದೆ. ಎಡಭಾಗ ತುಂಬುತ್ತಾ ಬಂತು, ಹಾಳೆ ಸಾಲದೆ ಇನ್ನೊಂದು ಅಂಟಿಸಿದೆ.

ಕೆಂಚಪ್ಪನವರು ಆಗ ಬಾಯಿ ತೆರೆದರು. “ಎಪ್ಪತ್ತು ವರ್ಷ ಈ ಕೈಯಾಗ ದುಡದೀನಿ. ಇದಕ್ಕ ರೋಗ ಅಂತೀಯೇನು?”

ಕೈಗೆ ರೋಗವಿಲ್ಲ, ಕೈ ಬರೀ ಗುರುತು, ನೋಡಬೇಕಾದ್ದು ಎದೆ ಅಂದೆ. ಅವರು ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡರು. ಮಂಜುನಾಥ ಮಾತ್ರ ತಾನಾಗಿ ಬಂದು ಎದುರು ಕೂತ. ನಾಡಿ ಹಿಡಿದೆ. ಪೂರ್ತಿ ಒಂದು ನಿಮಿಷ, ಎರಡು ಸಲ. ಎರಡೂ ಸಲ ನಲವತ್ತಾರು. ಗಿರಣಿಯಲ್ಲಿ ಮೂಟೆ ಎತ್ತುವಾಗ ಕಣ್ಣು ಕತ್ತಲೆಗಟ್ಟುತ್ತದೆಯೇ ಎಂದು ಕೇಳಿದೆ. ಯಾರು ಹೇಳಿದರು ಎಂದು ಅವನೇ ಕೇಳಿದ. ಯಾರೂ ಹೇಳಿರಲಿಲ್ಲ.

ಅವನನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಅಕ್ಟೋಬರ್ 6ಕ್ಕೆ ಅವನ ಪರೀಕ್ಷೆಗಳ ಫಲಿತಾಂಶ ಬಂತು. ಮೇಲಿನ ಕೋಣೆಗಳ ನಡುವೆ ಚಿಕ್ಕ ರಂಧ್ರ, ಬಡಿತ ಸಾಗುವ ದಾರಿಯಲ್ಲಿ ತಡೆ. ನಾನು ಹೇಳುವಾಗ ಮನೆಯವರೆಲ್ಲ ಇದ್ದರು, ಎರಡನೇ ಮದುವೆಯ ಮಾತು ತಂದಿದ್ದ ಹಿರಿಯರೊಬ್ಬರೂ ಇದ್ದರು. ಮಂಜುನಾಥ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಆ ಹಿರಿಯರನ್ನೇ ಕೇಳಿದ:

“ಆಕೀನ ತವರಿಗೆ ಕಳಿಸಿದ್ರಿ. ಈಗ ನನ್ನ ಯಾರ ಮನಿಗೆ ಕಳಸ್ತೀರಿ?”

ಮದುವೆಯ ಮಾತು ಅವತ್ತಿಗೆ ಮುಗಿಯಿತು. ಅವನು ಮರುದಿನವೇ ಹಡಗಲಿಗೆ ಹೋದ. ನೇತ್ರಾ ಅವನ ಜೊತೆ ಬರಲಿಲ್ಲ. ಮೊದಲ ಕಾಗದವನ್ನು ಯಾರು ಕೂತು ಓದಿದರೋ ಅವರೇ, ಅದೇ ಕಟ್ಟೆಯ ಮೇಲೆ ಕೂತು ಎರಡನೆಯದನ್ನೂ ಓದಬೇಕು, ಆಮೇಲೆ ಬರುತ್ತೇನೆ ಅಂದಳು. ಅಷ್ಟು ಹಟ ಬೇಕಿತ್ತೇ ಎಂದು ಅವಳ ತಂದೆಯೇ ನನಗೆ ಫೋನ್ ಮಾಡಿದ್ದರು. ಬೇಕು ಅಂದೆ.

ಅಕ್ಟೋಬರ್ 16, ಭಾನುವಾರ, 9.30. ಕಟ್ಟೆಯ ಮೇಲೆ ಏಳು ಜನ ಕೂತಿದ್ದರು. ನಾನು ಓದಿದೆ. ಮೊಹರಿರಲಿಲ್ಲ, ಇಲಾಖೆ ಕೊಡಲಿಲ್ಲ. ನನ್ನ ಸಹಿ ಇತ್ತು. ಮೊದಲು ನನ್ನ ತಪ್ಪನ್ನು ಓದಿದೆ, ಆಮೇಲೆ ಬಲಭಾಗ, ಆಮೇಲೆ ಎಡಭಾಗ. ಒಬ್ಬ ಹಿರಿಯರು, ಹಾಗಾದರೆ ತಪ್ಪು ಗಂಡಿನದು ಅಂತೀಯಾ ಎಂದು ಕೇಳಿದರು. ಯಾರದೂ ತಪ್ಪಲ್ಲ, ಹೆಣ್ಣಿನದು ಎಂದು ನೀವು ಬರೆದುಕೊಂಡಿದ್ದನ್ನು ಅಳಿಸಲು ಬಂದಿದ್ದೇನೆ ಅಂದೆ. ಕ್ಷಮೆ ಯಾರೂ ಕೇಳಲಿಲ್ಲ. ನೇತ್ರಾ ಕೇಳಿ ಎಂದಿರಲೂ ಇಲ್ಲ. ಅವಳು ಮಗುವನ್ನೆತ್ತಿಕೊಂಡು ಕಟ್ಟೆಯ ಮುಂದಿನಿಂದಲೇ ಮನೆಗೆ ನಡೆದಳು.

ಮಗುವಿನ ಶಸ್ತ್ರಚಿಕಿತ್ಸೆ ಮುಂದಿನ ಫೆಬ್ರುವರಿಯಲ್ಲಿ ಆಯಿತು. ಈಗ ಶಾಲೆಗೆ ಹೋಗುತ್ತಾನೆ, ಪೆನ್ಸಿಲನ್ನು ತನ್ನದೇ ರೀತಿಯಲ್ಲಿ ಹಿಡಿಯುತ್ತಾನೆ. ಜೀನ್ ಪರೀಕ್ಷೆ ಅದೇ ಬೇಸಿಗೆಯಲ್ಲಿ ಬಂತು. ತಂದೆಗೂ ಮಗನಿಗೂ ಅದೇ ಬದಲಾವಣೆ, ನೇತ್ರಾಳಿಗಿಲ್ಲ. ಮಂಜುನಾಥನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ನನಗೆ ಎರಡನೇ ಲಿಖಿತ ಸೂಚನೆ ಬಂತು, ಅದನ್ನೂ ಅಂಟಿಸಿದ್ದೇನೆ. ಗುತ್ತಿಗೆ ಮುಂದುವರಿಯದಿದ್ದುದಕ್ಕೆ ಅವೆರಡೇ ಕಾರಣವೋ ನನಗೆ ತಿಳಿಯದು. ಆಗಿದ್ದರೂ ಅದೇ ಭಾನುವಾರಗಳನ್ನು ಮತ್ತೆ ಹಾಗೇ ಕಳೆಯುತ್ತೇನೆ.

ಆದರೆ ಹಾಳೆ ಇನ್ನೂ ಪೂರ್ತಿಯಾಗಿಲ್ಲ.

ಜೀನ್ ಪರೀಕ್ಷೆಯ ಫಲಿತಾಂಶ ಹೇಳಲು ಹೋದ ದಿನ ಹಾಲಮ್ಮ ಅಡುಗೆಮನೆಗೆ ಕರೆದು ಕೂರಿಸಿದರು. ಚಹಾ ಕೊಟ್ಟರು, ತಾವು ಕುಡಿಯುವ ಲೋಟದಲ್ಲೇ. ಅವರ ಅತ್ತೆ ಸಾಯುವವರೆಗೂ, ಆ ಎರಡು ಕೂಸು ಹೋದದ್ದು ನಿನ್ನ ಹೊಟ್ಟೆಯ ದೋಷ ಎಂದು ಹೇಳುತ್ತಿದ್ದರಂತೆ. “ನಲವತ್ತು ವರ್ಷ ನಂದೇ ಹೊಟ್ಟಿ ಕೆಟ್ಟಿದ್ದು ಅಂತ ತಿಳ್ಕೊಂಡಿದ್ದೆ,” ಅಂದರು. “ಅದನ್ನ ಸೊಸಿ ಮ್ಯಾಲೆ ಹಾಕಿದೆ. ನನಗ ಮಂಜ ಉಳದ, ಅದಕ್ಕ ನಾ ಈ ಮನ್ಯಾಗ ಉಳದೆ. ನಮ್ಮ ಭಾವನ ಮೊದಲನೇ ಹೆಂಡ್ತಿಗೆ ಮೂರು ಹುಟ್ಟಿದ್ದುವು, ಮೂರಕ್ಕೂ ಇದೇ ಕೈ, ಮೂರೂ ಹೋದುವು. ಆಕೀನ ಕಳಿಸಿಬಿಟ್ರು. ಆಕೀಗೆ ಯಾರರ ಹೇಳ್ಯಾರೇನ್ರಿ?”

ಯಾರೂ ಹೇಳಿಲ್ಲ. ಎಲ್ಲಿದ್ದಾಳೆ ಎಂದೇ ಯಾರಿಗೂ ಗೊತ್ತಿಲ್ಲ. ಹಾಲಮ್ಮನಿಗೆ ನೆನಪಿರುವುದಿಷ್ಟು: ತವರು ಗುಡೇಕೋಟೆ ಕಡೆಯ ಯಾವುದೋ ಹಳ್ಳಿ, ಕುರಿ ಇದ್ದ ಮನೆ, ಎಡಗಾಲಿನಲ್ಲಿ ಸುಟ್ಟ ಕಲೆ, ಹೋಗುವಾಗ ಮೂವತ್ತರ ಒಳಗಿನ ವಯಸ್ಸು. ಈಗ ಬದುಕಿದ್ದರೆ ಎಪ್ಪತ್ತು ದಾಟಿರಬೇಕು. ಗುತ್ತಿಗೆ ಮುಗಿದ ಮೇಲೆ ಆ ಕಡೆಯ ಹದಿಮೂರು ಹಳ್ಳಿಗಳಿಗೆ ಹೋಗಿ ಬಂದಿದ್ದೇನೆ. ಸಿಕ್ಕಿಲ್ಲ. ಎಡಭಾಗದಲ್ಲಿ ಅವಳ ವೃತ್ತವಿದೆ, ಕೆಳಗೆ ಓರೆಗೆರೆ ಹಾಕಿದ ಮೂರು ಸಣ್ಣ ಗುರುತುಗಳಿವೆ. ಅವಳ ವೃತ್ತಕ್ಕೆ ಓರೆಗೆರೆ ಹಾಕಬೇಕೋ ಬೇಡವೋ ನನಗೆ ಗೊತ್ತಿಲ್ಲ.

ಉಳಿದವರ ಹೆಸರುಗಳನ್ನು ಬದಲಿಸಿದ್ದೇನೆ ಎಂದು ಹೇಳಿದೆ. ಇವಳದನ್ನು ಬದಲಿಸಿಲ್ಲ, ಹಾಲಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ: ಸಣ್ಣ ತಿಮ್ಮಕ್ಕ. ಚಿಗಟೇರಿ ಕಡೆಯ ಗಿರಣಿ ಮನೆಗೆ ಮದುವೆಯಾಗಿ ಬಂದು, ಮೂರು ಮಕ್ಕಳನ್ನು ಕಳೆದುಕೊಂಡು, ತವರಿಗೆ ಹಿಂದಿರುಗಿದವಳು. ಈ ಹೆಸರು, ಈ ಗುರುತು, ಐದು ಬೆರಳು ಸಾಲಾಗಿದ್ದ ಮಕ್ಕಳ ಮಾತು ಯಾರಿಗಾದರೂ ಗೊತ್ತಿದ್ದರೆ ಇದನ್ನು ಪ್ರಕಟಿಸಿದವರ ವಿಳಾಸಕ್ಕೆ ಬರೆಯಿರಿ. ಆದರೆ ಅವಳು ಬದುಕಿದ್ದರೆ ಮೊದಲು ಬರೆಯಲು ಕೂರಬೇಡಿ. ಮೊದಲು ಅವಳ ಬಳಿಗೆ ಹೋಗಿ, ಪಕ್ಕದಲ್ಲಿ ಕೂತು, ಅದು ನಿನ್ನಿಂದ ಬಂದದ್ದಲ್ಲ ಎಂದು ಹೇಳಿ. ಕಿವಿ ಮಂದವಾಗಿದ್ದರೆ ಇನ್ನೊಮ್ಮೆ ಹೇಳಿ. ಆಮೇಲೆ ನನಗೆ ಬರೆಯಿರಿ.